ಪಟ್ಟಣದ ಕೋವಿ, ಪರದೇಶದ ಗೋಡೆ

ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಸಮೀಪ ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಕುಳ್ಳನೆಯ ಕಟ್ಟಡವೊಂದಿದೆ. ಕಿಟಕಿಗಳಿಲ್ಲ, ಅಲಂಕಾರವಿಲ್ಲ. ಗೋಡೆಗಳು ಬಲು ದಪ್ಪ. ಗುಂಬಜ್, ದರಿಯಾ ದೌಲತ್, ರಂಗನಾಥಸ್ವಾಮಿ ದೇವಾಲಯ ಎಂದು ಅವಸರದಲ್ಲಿ ಓಡಾಡುವ ಪ್ರವಾಸಿಗರಾರೂ ಇದರತ್ತ ತಿರುಗಿ ನೋಡುವುದಿಲ್ಲ. ಆದರೆ ಈ ಕಟ್ಟಡ ಒಮ್ಮೆ ಪ್ರಯಾಣ ಮಾಡಿದೆ! ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅದು ಅಡ್ಡಬಂದಾಗ ಕೆಡವಬೇಕೇ, ಉಳಿಸಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2017ರ ಮಾರ್ಚ್‌ನಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಅಡಿಪಾಯದ ಸಮೇತ ಎತ್ತಿ, ಜಾಕ್‌ಗಳ ಮೇಲೆ ಕೂರಿಸಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಡಲಾಯಿತು. ಈ ಕೆಲಸಕ್ಕೆ ದೇಶೀಯ ಕಂಪನಿಯ ಜೊತೆ ಕೈಜೋಡಿಸಿದ್ದು ಅಮೆರಿಕದ ವುಲ್ಫ್ ಎಂಬ ಸಂಸ್ಥೆ. ಮನೆಗಳನ್ನು ಇದ್ದ ಹಾಗೆಯೇ ಎತ್ತಿ ಸಾಗಿಸುವುದೇ ಅದರ ಕಸುಬು.

ಆ ಕಟ್ಟಡ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರ. ಮದ್ದಿನ ಮನೆ ಎಂದೂ ಕರೆಯುತ್ತಾರೆ. ಇಂಥವು ಪಟ್ಟಣದ ದ್ವೀಪದಲ್ಲಿ ಇನ್ನೂ ಹಲವಿವೆ. ಕೆಲವು ಗಿಡಗಂಟಿಗಳ ನಡುವೆ, ಕೆಲವು ಮನೆಗಳ ಹಿತ್ತಿಲಿಗೆ ತಾಗಿಕೊಂಡು. ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿದ್ದು ಸುಮ್ಮನೆ ಅಲ್ಲ. ಮದ್ದಿಗೆ ತಂಪು ಬೇಕು, ಶತ್ರುವಿನ ಗುಂಡು ತಾಕಬಾರದು, ಅಕಸ್ಮಾತ್ ಸಿಡಿದರೂ ಸುತ್ತಲಿನ ಊರು ಉಳಿಯಬೇಕು.

ಕಟ್ಟಡವೇನೋ ಉಳಿಯಿತು, ಸಂತೋಷ. ಅದರೊಳಗೆ ಇದ್ದದ್ದೆಲ್ಲ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ದಾರಿ ಲಂಡನ್ನಿಗೂ ಹೋಗುತ್ತದೆ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಗೂ ಹೋಗುತ್ತದೆ.

ಒಂದು ಮಧ್ಯಾಹ್ನದ ಲೆಕ್ಕ

1799ರ ಮೇ 4ರ ಮಧ್ಯಾಹ್ನ ಜನರಲ್ ಹ್ಯಾರಿಸನ ಸೈನ್ಯ ಕಾವೇರಿಯನ್ನು ದಾಟಿ ಕೋಟೆಯ ಒಡಕಿನಲ್ಲಿ ನುಗ್ಗಿತು. ಮುಂದೆ ನಿಂತು ನುಗ್ಗಿಸಿದವನು ಡೇವಿಡ್ ಬೇರ್ಡ್. ಹಿಂದೊಮ್ಮೆ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಸಂಜೆಯ ಹೊತ್ತಿಗೆ ಟಿಪ್ಪು ಮಡಿದಿದ್ದ. ರಾತ್ರಿಯೆಲ್ಲ ಪಟ್ಟಣದ ಮನೆಮನೆಯೂ ಲೂಟಿಯಾಯಿತು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿದ ಮೇಲೆಯೇ ಅದು ನಿಂತದ್ದು. ಮುಂದೆ ವಾಟರ್ಲೂ ಗೆದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು ಇವನೇ.

ಸಿಪಾಯಿಗಳ ಲೂಟಿ ನಿಂತ ಮೇಲೆ ಸರ್ಕಾರಿ ಲೂಟಿ ಶುರುವಾಯಿತು ಎನ್ನಬೇಕು. ಗೆದ್ದ ಸೊತ್ತನ್ನು ಎಣಿಸಿ, ಬೆಲೆ ಕಟ್ಟಿ, ಹರಾಜು ಹಾಕಿ, ದರ್ಜೆಗೆ ತಕ್ಕಂತೆ ಹಂಚಲು ಸಮಿತಿಯೊಂದಿತ್ತು. ಅದರ ಏಜೆಂಟರು ಟಿಪ್ಪುವಿನ ಸಿಂಹಾಸನವನ್ನೇ ತುಂಡು ತುಂಡು ಮಾಡಿಬಿಟ್ಟರು. ಆಯುಧಗಳ ಎಣಿಕೆ ಬೆರಗು ಹುಟ್ಟಿಸುವಂಥದು. ಸಣ್ಣವು ದೊಡ್ಡವು ಸೇರಿ 929 ಫಿರಂಗಿಗಳು. ಸುಮಾರು 99 ಸಾವಿರ ಕೋವಿಗಳು. ಸಿದ್ಧವಾಗಿದ್ದ 700 ಅಗ್ನಿಬಾಣಗಳು, ಮದ್ದು ತುಂಬದೆ ಬಿಟ್ಟಿದ್ದ 9 ಸಾವಿರ ಬಾಣದ ಕೊಳವೆಗಳು. ಐದು ಕಿಲೋಮೀಟರ್ ಉದ್ದವೂ ಸರಿಯಾಗಿ ಇಲ್ಲದ ಒಂದು ನಡುಗಡ್ಡೆಯಲ್ಲಿ!

ಇಷ್ಟೆಲ್ಲ ಹೊರಗಿನಿಂದ ಬಂದದ್ದಲ್ಲ. ಪಟ್ಟಣದಲ್ಲಿ, ಬೆಂಗಳೂರಿನಲ್ಲಿ, ಚಿತ್ರದುರ್ಗದಲ್ಲಿ, ನಗರದಲ್ಲಿ ಕಾರ್ಖಾನೆಗಳಿದ್ದವು. ಆಯುಧ ಮಾಡುವ ಕೇರಿಗೆ ತಾರಾಮಂಡಲಪೇಟೆ ಎಂದು ಹೆಸರು. ಆಕಾಶಕ್ಕೆ ಹಾರುವ ಬಾಣಗಳನ್ನು ತಯಾರಿಸುವ ಬೀದಿಗೆ ಇದಕ್ಕಿಂತ ಚೆಂದದ ಹೆಸರು ಸಿಕ್ಕಲಾರದು.

ಸಂಗ್ರಾಹಕನ ಕಣ್ಣು

ಹಳೆಯ ಆಯುಧ ಕೂಡಿಡುವುದು ಜಗತ್ತಿನಾದ್ಯಂತ ಇರುವ ಹುಚ್ಚು. ಅಮೆರಿಕದಲ್ಲಿ ಈ ಹುಚ್ಚಿನ ದೊಡ್ಡ ಪಾಲು ಪಶ್ಚಿಮದ ಗಡಿನಾಡಿನ ಕಾಲದ ರಿವಾಲ್ವರುಗಳಿಗೆ ಮೀಸಲು. ಅದರಲ್ಲೂ ‘ಡಬಲ್ ಆ್ಯಕ್ಷನ್’ ಎಂಬ ಬಗೆಗೆ ಬೇರೆಯೇ ಭಕ್ತರಿದ್ದಾರೆ. ಹಳೆಯ ರಿವಾಲ್ವರಿನಲ್ಲಿ ಪ್ರತಿ ಸಲವೂ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆಳೆದು ಆಮೇಲೆ ಬಿಲ್ಲನ್ನು ಒತ್ತಬೇಕಿತ್ತು. ಡಬಲ್ ಆ್ಯಕ್ಷನ್‌ನಲ್ಲಿ ಬಿಲ್ಲನ್ನು ಒತ್ತಿದರೆ ಸಾಕು. ಕುದುರೆ ತಾನೇ ಹಿಂದೆ ಸರಿದು ತಾನೇ ಬೀಳುತ್ತದೆ, ಗುಂಡಿನ ಉರುಳೆ ತಾನೇ ತಿರುಗುತ್ತದೆ. ಇಂಗ್ಲೆಂಡಿನ ಆ್ಯಡಮ್ಸ್ ಕಂಪನಿಯ ಇಂಥ ರಿವಾಲ್ವರುಗಳು 1857ರ ದಂಗೆಯ ಕಾಲಕ್ಕೇ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದವು. ಅಮೆರಿಕದ ಕೋಲ್ಟ್ ಕಂಪನಿ ತನ್ನ ಮೊದಲ ಡಬಲ್ ಆ್ಯಕ್ಷನ್ ರಿವಾಲ್ವರನ್ನು ತಂದದ್ದು 1877ರಲ್ಲಿ. ಮರು ವರ್ಷದ ದೊಡ್ಡ ಮಾದರಿಗೆ ‘ಫ್ರಾಂಟಿಯರ್’, ಎಂದರೆ ಗಡಿನಾಡು, ಎಂದೇ ಹೆಸರು ಬಿತ್ತು. 1877ರ ರಿವಾಲ್ವರಿನ ಒಳಗಿನ ಕೀಲುಗಳು ಬಲು ನಾಜೂಕು, ಬೇಗ ಕೆಡುತ್ತಿದ್ದವು. ಕೆಡದೆ ಉಳಿದವು ಕಡಿಮೆ ಎಂಬುದೇ ಇವತ್ತು ಅದರ ಬೆಲೆಗೆ ಒಂದು ಕಾರಣ. ಸಂಗ್ರಾಹಕರ ಲೋಕದ ತಲೆಕೆಳಗಾದ ನ್ಯಾಯ ಇದು.

ಅಮೆರಿಕದ ಕಾನೂನಿನಲ್ಲಿ 1898ರವರೆಗೆ ತಯಾರಾದ ಕೋವಿ ‘ಪುರಾತನ’. ಒಂದು ದಿನ ಈಚೆಗೆ ಬಂದರೂ ಸಾಮಾನ್ಯ ಕೋವಿ. ಹೀಗಾಗಿ ಅಲ್ಲಿನ ಸಂಗ್ರಾಹಕ ಮೊದಲು ನೋಡುವುದು ನಳಿಗೆಯ ಚೆಲುವನ್ನಲ್ಲ, ಅಡಿಯಲ್ಲಿ ಕೊರೆದ ಅಂಕಿಯನ್ನು. ಆ ಅಂಕಿಯನ್ನು ಕಳಿಸಿದರೆ ಕೋಲ್ಟ್ ಕಂಪನಿಯ ದಫ್ತರದಿಂದ ಕಾಗದ ಬರುತ್ತದೆ: ಇಂಥ ದಿನ, ಇಂಥ ಊರಿಗೆ, ಇಂಥ ವ್ಯಾಪಾರಿಗೆ ಕಳಿಸಿದ್ದು ಎಂದು. ಆ ಒಂದು ಕಾಗದ ಕೋವಿಯ ಬೆಲೆಯನ್ನು ಹಲವು ಪಟ್ಟು ಏರಿಸಬಲ್ಲದು.

ಕೋಲ್ಟ್ ಹುಟ್ಟುವ ಮುನ್ನವೇ ಶ್ರೀರಂಗಪಟ್ಟಣದ ಕೋವಿಗಳು ಇಂಥ ಕಾಗದವನ್ನು ತಮ್ಮ ಮೈಮೇಲೇ ಹೊತ್ತಿದ್ದವು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಟಿಪ್ಪುವಿನ ಸ್ವಂತ ಬಳಕೆಯ ಬೆಳ್ಳಿ ಕಟ್ಟಿನ ಕೋವಿಗಳ ಮೇಲೆ ಮಾಡಿದ ಊರು, ಮಾಡಿದ ವರ್ಷ, ಮಾಡಿದ ಕೈ ಮೂರನ್ನೂ ಪಾರಸಿಯಲ್ಲಿ ಕೊರೆದಿದ್ದಾರೆ. ಊರು ‘ಪಟ್ಟನ್’. ವರ್ಷ ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯದು; ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವರು ಎಡದಿಂದ ಓದಿ ತಬ್ಬಿಬ್ಬಾಗುತ್ತಾರೆ. ಕೈಗಳ ಹೆಸರೂ ಇವೆ: ಸೈಯದ್ ಮಾಸೂಮ್, ಅಸದ್ ಖಾನ್ ಮಹಮ್ಮದ್. ರಾಜರ ಹೆಸರು, ದಳವಾಯಿಗಳ ಹೆಸರು ಎಲ್ಲ ಕಡೆ ಉಳಿಯುತ್ತವೆ. ಕುಲುಮೆಯ ಮುಂದೆ ಕೂತವನ ಹೆಸರು ಉಳಿಯುವುದು ಅಪರೂಪ. ಪಟ್ಟಣದ ಯಾವ ಬೀದಿಯಲ್ಲೂ ಇವರ ಹೆಸರಿನ ಫಲಕವಿಲ್ಲ.

ಇನ್ನು ಹುಲಿ. ಕೋವಿಯ ಕುದುರೆ ಹುಲಿಯಾಕಾರ, ನಳಿಗೆಯ ಬಾಯಿ ಹುಲಿಯ ಬಾಯಿ, ಉಕ್ಕಿನ ಮೇಲೆ ಹುಲಿಪಟ್ಟೆ. ಕತ್ತಿಯ ಹಿಡಿಯಲ್ಲೂ ಹುಲಿ, ಫಿರಂಗಿಯ ಹಿಂಬದಿಯಲ್ಲೂ ಹುಲಿ. ಗೆದ್ದವರಿಗೂ ಈ ಹುಲಿ ಎಷ್ಟು ಕಾಡಿತ್ತೆಂದರೆ, ಶ್ರೀರಂಗಪಟ್ಟಣದ ವಿಜಯಕ್ಕೆಂದು ಬರ್ಮಿಂಗ್‌ಹ್ಯಾಮಿನ ಸೊಹೊ ಟಂಕಸಾಲೆಯಲ್ಲಿ ಹೊಡೆಸಿದ ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ದೊಡ್ಡವರಿಗೆ ಬಂಗಾರದ್ದು, ಸಾಮಾನ್ಯ ಸಿಪಾಯಿಗೆ ತವರದ್ದು. ಆ ತವರದ ಪದಕಕ್ಕೂ ಈಗ ಸಂಗ್ರಾಹಕರಲ್ಲಿ ಗಿರಾಕಿಗಳಿದ್ದಾರೆ.

ಒಂದೇ ನಳಿಗೆ, ಎರಡು ಗುಂಡು

ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬುವ ಹೊತ್ತಿನಲ್ಲಿಯೇ ಸೈನಿಕ ಸಾಯುವುದು. ಆ ಹೊತ್ತನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಬಂದೂಕಿನ ಇತಿಹಾಸದ ದೊಡ್ಡ ಪ್ರಶ್ನೆ. ಅಮೆರಿಕದ ಉತ್ತರ ರಿವಾಲ್ವರ್. ಶ್ರೀರಂಗಪಟ್ಟಣದ ಕಮ್ಮಾರರೂ ತಮ್ಮದೇ ರೀತಿಯಲ್ಲಿ ಒಂದು ಉತ್ತರ ಹುಡುಕಿದ್ದರು. ಒಂದೇ ನಳಿಗೆಯಲ್ಲಿ ಮೊದಲು ಮದ್ದು, ಗುಂಡು. ಅದರ ಮೇಲೆ ಮತ್ತೊಮ್ಮೆ ಮದ್ದು, ಗುಂಡು. ಮುಂದಿನದು ಮೊದಲು ಹಾರಬೇಕು, ಹಿಂದಿನದು ಆಮೇಲೆ. ಬೆಂಕಿ ತಪ್ಪಿ ಮೊದಲು ಹಿಂದಿನ ಮದ್ದಿಗೆ ತಗುಲಿದರೆ ನಳಿಗೆಯೇ ಸಿಡಿದು ಹಿಡಿದವನ ಮುಖಕ್ಕೆ ಬರುತ್ತದೆ. ಚಕಮಕಿ ಕಲ್ಲಿನ ಕಿಡಿಯನ್ನು ನಂಬಿಕೊಂಡು ಇಂಥದನ್ನು ಮಾಡಬೇಕಾದರೆ ಕೈಯಲ್ಲಿ ಎಷ್ಟು ಹದವಿರಬೇಕು!

ಅಸದ್ ಖಾನ್ ಮಹಮ್ಮದ್ 1793–94ರಲ್ಲಿ ಹಕ್ಕಿ ಹೊಡೆಯಲೆಂದು ಮಾಡಿಕೊಟ್ಟ ಇಂಥದೊಂದು ಬೇಟೆ ಕೋವಿ ಆಮೇಲೆ ಕಾರ್ನ್‌ವಾಲಿಸನ ಪಾಲಾಯಿತು. 2023ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಅದನ್ನು ತನ್ನ ದೇಶದಿಂದ ಹೊರಗೆ ಸಾಗಿಸದಂತೆ ತಾತ್ಕಾಲಿಕ ತಡೆ ಹಾಕಿತು. ಕಟ್ಟಿದ ಬೆಲೆ 20 ಲಕ್ಷ ಪೌಂಡ್. ದೇಶದ ಹಿತಕ್ಕಾಗಿ ಅದು ಇಲ್ಲಿಯೇ ಉಳಿಯಬೇಕು ಎಂಬ ಮಾತನ್ನು ಬ್ರಿಟನ್ ಆಡಿದಾಗ ಕಾವೇರಿ ತೀರದವರಿಗೆ ನಗುವೋ ಅಳುವೋ ಬರುವುದು ಸಹಜ.

ಹರಾಜಿನ ಸುತ್ತಿಗೆ

ಪಟ್ಟಣದ ಆಯುಧಗಳು ಈಗ ವಿಂಡ್ಸರ್ ಅರಮನೆಯಲ್ಲಿವೆ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ, ವೇಲ್ಸ್‌ನ ಪೊವಿಸ್ ಕೋಟೆಯಲ್ಲಿವೆ. ಪೊವಿಸ್‌ಗೆ ಅವನ್ನು ಸಾಗಿಸಿದವನು ಅಂದು ಮದ್ರಾಸಿನ ಗವರ್ನರಾಗಿದ್ದ ಎಡ್ವರ್ಡ್ ಕ್ಲೈವ್, ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಮಗ. ಇವು ಸಾರ್ವಜನಿಕ ನೋಟಕ್ಕೆ ಸಿಕ್ಕುವಂಥವು. ಅಧಿಕಾರಿಗಳ ಮನೆತನಗಳಲ್ಲಿ ಗೋಡೆಗೆ ತೂಗುಬಿದ್ದು, ಕೆಲವೊಮ್ಮೆ ಅಟ್ಟ ಸೇರಿ, ತಲೆಮಾರುಗಳ ನಂತರ ಹರಾಜಿಗೆ ಬರುವವು ಇನ್ನೊಂದು ಬಗೆ.

ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ ಇವುಗಳ ಹಿಂದೆ ಬಿದ್ದು ವರ್ಷಗಳನ್ನೇ ಕಳೆದರು. ಟಿಪ್ಪುವಿನ ಬಂದೂಕುಗಳನ್ನು ಕುರಿತೇ ಅವರು ಬರೆದ ಪುಸ್ತಕ 1992ರಲ್ಲಿ ಹೊರಬಂತು. ಈ ವಿಷಯದಲ್ಲಿ ಇವತ್ತಿಗೂ ಅದೇ ಆಧಾರ. ಅವರ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್‌ನಲ್ಲಿ ಹರಾಜಾಯಿತು. ಹುಲಿಮುಖದ ಹಿಡಿಯ ರತ್ನಖಚಿತ ಕತ್ತಿಯೊಂದಕ್ಕೇ 21 ಲಕ್ಷ ಪೌಂಡಿಗೂ ಮೇಲೆ ಬಂತು. ಎರಡು ಗುಂಡಿನ ಕೋವಿಯೊಂದಕ್ಕೆ 7 ಲಕ್ಷ 22 ಸಾವಿರ ಪೌಂಡ್. 2019ರಲ್ಲಿ ಬರ್ಕ್‌ಷೈರಿನ ಮನೆಯೊಂದರ ಅಟ್ಟದಿಂದ ಇಳಿದುಬಂದ ಬೆಳ್ಳಿ ಕಟ್ಟಿನ ಕೋವಿ 60 ಸಾವಿರ ಪೌಂಡಿಗೆ ಹೋಯಿತು. 2023ರ ಮೇ 23ರಂದು ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕಿತೆನ್ನಲಾದ, ಸೈನ್ಯವು ಬೇರ್ಡ್‌ಗೆ ಕಾಣಿಕೆ ಕೊಟ್ಟ ಕತ್ತಿ ಹರಾಜಿಗೆ ಬಂದಾಗ ನಿರೀಕ್ಷಿಸಿದ್ದು 15ರಿಂದ 20 ಲಕ್ಷ. ಬಂದದ್ದು 1 ಕೋಟಿ 40 ಲಕ್ಷ ಪೌಂಡ್!

ಒಂದು ಕತ್ತಿ ಕರ್ನಾಟಕದವರ ಕೈಗೂ ಬಂದಿತ್ತು. 2003ರಲ್ಲಿ ಲಂಡನ್ ಹರಾಜಿನಲ್ಲಿ ಅದನ್ನು ಕೊಂಡವರು ಉದ್ಯಮಿ ವಿಜಯ ಮಲ್ಯ. ಸುದ್ದಿ ಹೊರಬಿದ್ದಾಗ ಪಟ್ಟಣದಲ್ಲಿ ಹಬ್ಬದ ವಾತಾವರಣ. ಇಲ್ಲಿನ ವಸ್ತುಸಂಗ್ರಹಾಲಯಕ್ಕೇ ಬರುತ್ತದೆ ಎಂದು ನಂಬಿದವರೂ ಇದ್ದರು. ಬರಲಿಲ್ಲ. ಅದನ್ನು ಬೇರೆಯವರಿಗೆ ಕೊಟ್ಟಾಗಿದೆ ಎಂದು 2018ರಲ್ಲಿ ಅವರ ಪರವಾಗಿ ಲಂಡನ್ನಿನ ನ್ಯಾಯಾಲಯಕ್ಕೆ ತಿಳಿಸಲಾಯಿತು.

ಬೆಲೆ ಏರಿದಲ್ಲಿ ನಕಲಿಯೂ ಹುಟ್ಟುತ್ತದೆ. ಹುಲಿಪಟ್ಟೆ ಕೊರೆಯುವುದು ಕಷ್ಟದ ಕೆಲಸವಲ್ಲ. ಕೋಟೆಯ ಬಳಿ ‘ಹಳೆ ಕಾಸು’ ಎಂದು ಪಿಸುಗುಟ್ಟುತ್ತ ಬರುವವರನ್ನು ಕಂಡ ಪ್ರವಾಸಿಗರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಟಿಪ್ಪುವನ್ನು ಕುರಿತ ಹೊಗಳಿಕೆ ತೆಗಳಿಕೆಗಳ ಜಗಳ ನಮ್ಮಲ್ಲಿ ಮುಗಿಯುವಂಥದಲ್ಲ; ಹರಾಜು ಕಟ್ಟೆಗೆ ಆ ಜಗಳ ಬೇಕಿಲ್ಲ. ಅಲ್ಲಿ ಕೇಳುವುದು ಎರಡೇ: ಅಸಲಿಯೇ? ಯಾರ ಕೈಯಿಂದ ಯಾರ ಕೈಗೆ ಬಂತು?

ಫ್ರೆಂಚರ ಬಂಡೆ

ಪಟ್ಟಣದಿಂದ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಪಾಂಡವಪುರ. ಕಬ್ಬಿನ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು, ಆಲೆಮನೆಯ ಬೆಲ್ಲದ ವಾಸನೆ. ಊರ ಪಕ್ಕದಲ್ಲಿ ಕುಂತಿಬೆಟ್ಟ; ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂದು ಐತಿಹ್ಯ. ಆದರೆ ಪಾಂಡವಪುರ ಎಂಬ ಹೆಸರು ಈಚಿನದು. ಜನರ ಬಾಯಲ್ಲಿ ಇದು ಹಿರೋಡೆ. ಬ್ರಿಟಿಷರ ನಕ್ಷೆಗಳಲ್ಲಿ, ರೈಲ್ವೆ ಪಟ್ಟಿಗಳಲ್ಲಿ ‘ಫ್ರೆಂಚ್ ರಾಕ್ಸ್’. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಈ ಬಂಡೆಬೆಟ್ಟಗಳ ಬಳಿ ಬಿಡಾರ ಹೂಡಿದ್ದರಿಂದ ಬಂದ ಹೆಸರದು.

ಮೈಸೂರಿನ ಕೋವಿಗಳ ಕತೆಗೆ ಈ ಬಿಡಾರ ಹೊರಗಿನದಲ್ಲ. ಸೈನಿಕರಿಗೆ ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುವ ಕವಾಯತು, ಕೋಟೆಗೆ ಯುರೋಪಿಯನ್ ಬಗೆಯ ಕೊತ್ತಲ, ಎರಕದ ಹೊಸ ತಂತ್ರ ಎಲ್ಲದರಲ್ಲೂ ಫ್ರೆಂಚರ ಕೈಯಿದೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿ ಬಂದರು. ಸೈನ್ಯದ ನೆರವು ಸಿಗಲಿಲ್ಲ. ಅವರೊಂದಿಗೆ ಬಂದವರು ಕುಶಲಕರ್ಮಿಗಳು. ಮರುವರ್ಷವೇ ಪ್ಯಾರಿಸಿನಲ್ಲಿ ಕ್ರಾಂತಿ. ನೆರವು ಕೇಳಲು ಅರಸನೇ ಉಳಿಯಲಿಲ್ಲ. ಹಿರೋಡೆಯ ಸಂತೆಗೆ ಬಂದು ಹೋಗುತ್ತಿದ್ದ ರೈತನಿಗೆ ಈ ಪರಂಗಿಗಳು ಹೇಗೆ ಕಂಡಿರಬಹುದು? ಊರಿನ ಹೆಸರೊಂದನ್ನು ಬಿಟ್ಟರೆ ಅವರ ಗುರುತು ಈಗ ಕಾಣುವುದಿಲ್ಲ. ಆ ಹೆಸರೂ ಅಳಿಸಿಹೋಯಿತು.

ದಂಡು ಹೋದ ದಾರಿ

ಅಮೆರಿಕದವರಿಗೆ ‘ಗಡಿನಾಡು’ ಎಂದರೆ ಪಶ್ಚಿಮದ ಬಯಲು. ಮೈಸೂರಿಗೆ ಹದಿನೆಂಟನೆಯ ಶತಮಾನದ ಕೊನೆಯ ಮೂವತ್ತು ವರ್ಷ ಈ ನಾಲ್ಕು ತಾಲ್ಲೂಕುಗಳೇ ರಣರಂಗದ ಅಂಗಳವಾಗಿದ್ದವು. ರಾಜಧಾನಿಗೆ ಬರುವ ಯಾವ ದಂಡಾದರೂ ಇಲ್ಲಿನ ಹೊಲ ತುಳಿದೇ ಬರಬೇಕು, ಇಲ್ಲಿನ ಕಣಜ ಬರಿದು ಮಾಡಿಯೇ ಹೋಗಬೇಕು.

ಪಾಂಡವಪುರದಿಂದ ಕೃಷ್ಣರಾಜಪೇಟೆಯ ದಾರಿಯಲ್ಲಿ ಚಿನಕುರಳಿ ಸಿಗುತ್ತದೆ. ಬಸ್ಸು ನಿಂತಾಗ ಕಡಲೆಕಾಯಿ ಮಾರುವವರು ಕಿಟಕಿಗೆ ಬರುವ ಸಾಧಾರಣ ಊರು. 1771ರ ಮಾರ್ಚ್‌ನಲ್ಲಿ ಹೈದರಾಲಿ ತನ್ನ ಜೀವಮಾನದ ಕೆಟ್ಟ ಸೋಲನ್ನು ಕಂಡದ್ದು ಇಲ್ಲಿ. ಮೇಲುಕೋಟೆಯ ಬೆಟ್ಟದ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ ಆತ ರಾತ್ರಿಯಲ್ಲಿ ಸದ್ದಿಲ್ಲದೆ ಪಟ್ಟಣಕ್ಕೆ ಜಾರಿಕೊಳ್ಳಲು ಹೊರಟ. ಸುಳಿವು ಹತ್ತಿದ ತ್ರಿಂಬಕರಾಯನ ಮರಾಠಾ ಸೈನ್ಯ ಬೆನ್ನಟ್ಟಿತು. ಸೈನ್ಯ ಚೆಲ್ಲಾಪಿಲ್ಲಿಯಾಯಿತು, ಫಿರಂಗಿಗಳು ಶತ್ರುವಿನ ಪಾಲಾದವು. ಹೈದರ್ ಜೀವ ಉಳಿಸಿಕೊಂಡು ಪಟ್ಟಣ ಸೇರಿದ. ಪಕ್ಕದ ತೊಣ್ಣೂರಿನ ಕೆರೆ ಮಾತ್ರ ಇವತ್ತೂ ಗಾಜಿನಂತೆ ತಿಳಿಯಾಗಿದೆ. ಅದರ ತಿಳಿನೀರಿಗೆ ಮಾರುಹೋಗಿ ‘ಮೋತಿ ತಲಾಬ್’, ಮುತ್ತಿನ ಕೆರೆ, ಎಂದು ಹೆಸರಿಟ್ಟವರೂ ದಂಡಿನವರೇ.

ಇಪ್ಪತ್ತು ವರ್ಷದ ನಂತರ, 1791ರ ಮೇ ತಿಂಗಳಲ್ಲಿ, ಕಾರ್ನ್‌ವಾಲಿಸನ ಸರದಿ. ಪಟ್ಟಣದ ಕೆಳಗಡೆಯ ಅರಕೆರೆಯ ಬಳಿ ಕದನ ಗೆದ್ದರೂ ಹೊಳೆ ತುಂಬಿತ್ತು, ದನ ಸಾಯುತ್ತಿದ್ದವು, ದಂಡಿಗೆ ಅಕ್ಕಿಯಿರಲಿಲ್ಲ. ಕೋಟೆ ಒಡೆಯಲೆಂದು ತಿಂಗಳುಗಟ್ಟಲೆ ಎತ್ತು ಕಟ್ಟಿ ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ಆತ ತಾನೇ ಸಿಡಿಸಿ ನಾಶ ಮಾಡಿ ಹಿಂದಿರುಗಿದ. ಎಳೆಯಲು ಎತ್ತಿಲ್ಲದೆ ಹೋದರೆ ಎಂಥ ಫಿರಂಗಿಯೂ ಕಬ್ಬಿಣದ ದಿಮ್ಮಿ. ಮೇಲುಕೋಟೆಯ ಕಡೆ ನಡೆದಾಗ ಎದುರಿಗೆ ಕುದುರೆ ದಂಡು ಕಂಡು ಶತ್ರುವೆಂದೇ ಬೆದರಿದರು. ನೋಡಿದರೆ ತಾವೇ ಕಾಯುತ್ತಿದ್ದ ಮಿತ್ರ ಮರಾಠರು! ಮರಾಠರ ಬಜಾರಿನಲ್ಲಿ ದುಬಾರಿ ಬೆಲೆಗಾದರೂ ದವಸ ಸಿಕ್ಕಿತು, ಇಂಗ್ಲಿಷರ ದಂಡು ಬದುಕಿತು. ಎರಡು ದಿನ ಮೊದಲು ಸಿಕ್ಕಿದ್ದರೆ ಫಿರಂಗಿಗಳನ್ನು ಒಡೆಯಬೇಕಾಗಿರಲಿಲ್ಲವೇನೋ. ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ.

ಅದೇ ಯುದ್ಧಗಳಲ್ಲಿ ಮರಾಠಾ ದಂಡಿನ ಹಾವಳಿಗೆ ಸಿಕ್ಕಿ ನಾಗಮಂಗಲವೂ ನಲುಗಿತು. ಹೊಯ್ಸಳರ ಕಾಲದ ಸೌಮ್ಯಕೇಶವ ದೇವಾಲಯ ಉಳಿದುಕೊಂಡಿದೆ. ಊರಿಗೆ ಹೆಸರು ತಂದದ್ದು ಲೋಹದ ಕೆಲಸ: ಹಿತ್ತಾಳೆಯ ದೀಪ, ಪಂಚಲೋಹದ ಉತ್ಸವಮೂರ್ತಿ, ಗಂಟೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ಕಾದ ಲೋಹ ಸುರಿಯುವ ವಿದ್ಯೆ. ಮೂರ್ತಿ ಎರೆಯುವ ಕೈಗೂ ಫಿರಂಗಿ ಎರೆಯುವ ಕೈಗೂ ಲೋಹ ಒಂದೇ, ಬೆಂಕಿ ಒಂದೇ.

ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ಇಲ್ಲಿಗೆ ಬಂದವರು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ತಪ್ಪಿಸಬಾರದು. ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ರಾಮಾಯಣ ಮಹಾಭಾರತಗಳ ಕದನ. ಬಿಲ್ಲು, ಗದೆ, ಕತ್ತಿ, ರಥ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವೂ ಇದೇ ತಾಲ್ಲೂಕಿನಲ್ಲಿದೆ. ಇನ್ನು ಊರೂರಿನ ಬಯಲಲ್ಲಿ ನಿಂತ ವೀರಗಲ್ಲುಗಳು. ತುರು ಕಾಯಲು ಹೋಗಿ ಸತ್ತವನ ಕೈಯಲ್ಲಿ ಕಿರುಗತ್ತಿ, ಎದುರಿನವನ ಕೈಯಲ್ಲಿ ಬಿಲ್ಲು. ಕೋವಿ ಬರುವ ಮುನ್ನಿನ ಶತಮಾನಗಳಲ್ಲಿ ಈ ನೆಲದವರು ಹಿಡಿದ ಆಯುಧಗಳನ್ನು ನೋಡಬೇಕಾದರೆ ಈ ಕಲ್ಲುಗಳನ್ನೇ ನೋಡಬೇಕು. ಎಷ್ಟೋ ಕಡೆ ಅವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ.

ನೆಲದಲ್ಲಿ ಸಿಕ್ಕರೆ

ಇಲ್ಲಿ ಬಾವಿ ತೋಡುವಾಗ, ಗದ್ದೆ ಸಮ ಮಾಡುವಾಗ ಹಳೆಯ ಗುಂಡೋ ತುಕ್ಕು ಹಿಡಿದ ನಳಿಗೆಯೋ ಸಿಕ್ಕರೆ ಏನು ಮಾಡಬೇಕು? ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ, ಪುರಾತನ ಮೌಲ್ಯದ ಆಯುಧಕ್ಕೆ ಲೈಸೆನ್ಸ್ ಬೇಡ. ಹಾರಿಸಬಲ್ಲದ್ದಾದರೆ ಅಜ್ಜನ ಕಾಲದ್ದಾದರೂ ಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಮಂಡ್ಯದ ರೈತನಿಗೆ ಆ ಸವಲತ್ತಿಲ್ಲ.

ಕಾನೂನಿನ ಭಯಕ್ಕೆ ಹಳೆಯ ಕಬ್ಬಿಣವನ್ನು ಗುಜರಿಗೆ ಹಾಕಿ ಕೈ ತೊಳೆದುಕೊಳ್ಳುವವರೇ ಎಲ್ಲ ಕಡೆ ಹೆಚ್ಚು. ಹಾಗೆ ಮಾಡದಿದ್ದರೆ ಏನಾಗಬಹುದು ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ನಗರ ಸಾಕ್ಷಿ. ಅಲ್ಲಿನ ಹಾಳು ಬಾವಿಯೊಂದರ ಹೂಳು ತೆಗೆಯುವಾಗ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಮೊದಲು ಫಿರಂಗಿಯ ಗುಂಡುಗಳೆಂದೇ ಎಣಿಸಿ ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಇಟ್ಟುಬಿಟ್ಟಿದ್ದರು. ಆಮೇಲೆ ಗೊತ್ತಾಯಿತು, ಅವು ಮೈಸೂರು ಸೈನ್ಯದ ಅಗ್ನಿಬಾಣಗಳು. 2018ರಲ್ಲಿ ಪುರಾತತ್ವ ಇಲಾಖೆ ಅದೇ ಬಾವಿಯನ್ನು ಕ್ರಮವಾಗಿ ಅಗೆದಾಗ ಇನ್ನೂ ಸಾವಿರಕ್ಕೂ ಹೆಚ್ಚು ಹೊರಬಂದವು. ಅದಕ್ಕೆ ಮೊದಲು ಮೈಸೂರಿನ ಅಸಲಿ ಬಾಣ ನೋಡಬೇಕೆಂದರೆ ಲಂಡನ್ನಿನ ವುಲ್ವಿಚ್‌ಗೆ ಹೋಗಬೇಕಿತ್ತು, ಅಲ್ಲಿದ್ದದ್ದೂ ಎರಡೇ. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು ಮೈಸೂರಿನ ಬಾಣಗಳನ್ನು ಕಂಡ ಮೇಲೆ. ಅಬ್ದುಲ್ ಕಲಾಂ 1960ರ ದಶಕದಲ್ಲಿ ಅಮೆರಿಕದ ವ್ಯಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋದಾಗ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬಾಣ ಹಾರಿಸುವ ಚಿತ್ರ ಕಂಡು ಬೆರಗಾದ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಹಾಗಾದರೆ ಪಟ್ಟಣದಲ್ಲಿ ನೋಡಲು ಏನುಳಿದಿದೆ? ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರ. ಸುತ್ತುವರಿದ ಇಂಗ್ಲಿಷರ ನಡುವೆ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಸುತ್ತಲೂ ಕೋವಿ, ಬಾಣ, ಕತ್ತಿ. ಆಯುಧಗಳನ್ನು ಯಾರು ಹೇಗೆ ಹಿಡಿದಿದ್ದಾರೆ ಎಂದು ನಿಧಾನವಾ‌ಗಿ ನೋಡಿದರೆ ಅರ್ಧ ಗಂಟೆ ಸಾಲದು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ನಾಣ್ಯ, ಪದಕ, ಯುರೋಪಿಯನ್ನರು ಬರೆದ ಚಿತ್ರಗಳು, ಕೆಲವು ಆಯುಧಗಳು ಇವೆ.

ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ಮೂನ್‌ಸ್ಟೋನ್’ ಎಂಬ ಪ್ರಸಿದ್ಧ ಪತ್ತೇದಾರಿ ಕಾದಂಬರಿ ಶುರುವಾಗುವುದು ಪಟ್ಟಣದ ಶಸ್ತ್ರಾಗಾರದಲ್ಲಿ. ಅಧಿಕಾರಿಯೊಬ್ಬ ಅಲ್ಲಿ ಕೊಲೆ ಮಾಡಿ, ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಹೊತ್ತೊಯ್ಯುತ್ತಾನೆ. ಅದು ಕಲ್ಪನೆ. ಅದನ್ನು ಓದಿದವರು ಪಟ್ಟಣಕ್ಕೆ ಬಂದು ಆ ಶಸ್ತ್ರಾಗಾರ ಎಲ್ಲಿ ಎಂದು ಕೇಳಿದರೆ ತೋರಿಸಲು ಬಾಗಿಲಿನ ಮುಂದೆ ಒಂದು ಫಲಕವಾದರೂ ಬೇಡವೇ? ಸಾವಿರ ಟನ್ ಕಟ್ಟಡವನ್ನು ಎತ್ತಿಡಲು ಹಣ ಹುಟ್ಟಿತು. ಅದು ಏನು, ಅದರೊಳಗೆ ಏನಿತ್ತು, ಅದನ್ನು ಮಾಡಿದವರು ಯಾರು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಸಲು ಆ ಹಣದ ಸಾವಿರದ ಒಂದು ಪಾಲೂ ಬೇಕಾಗಲಾರದು.

ಕಾವೇರಿಯ ದಂಡೆಯಲ್ಲಿ ಕರ್ನಲ್ ಬೈಲಿ ಸೆರೆಮನೆ ಎಂದು ಕರೆಯುವ ಕಮಾನಿನ ನೆಲಮಾಳಿಗೆಯಿದೆ. ಅದರೊಳಗೆ ಒಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಮೇಲಿನ ಕೋಟೆಗೋಡೆಯಿಂದ ಚಾವಣಿ ತೂರಿಕೊಂಡು ಬಿದ್ದದ್ದು ಎನ್ನುತ್ತಾರೆ. ಮಕ್ಕಳು ಅದರ ಮೇಲೆ ಹತ್ತಿ ಕೂರುತ್ತಾರೆ, ಅಪ್ಪಂದಿರು ಫೋಟೋ ತೆಗೆಯುತ್ತಾರೆ. ಎಣಿಸಿ ಬರೆದುಕೊಂಡವರಿಗೆ ಇದನ್ನು ಮೇಲೆತ್ತಿ ಸಾಗಿಸುವುದು ಸಾಧ್ಯವಾಗಲಿಲ್ಲವೋ, ಬೇಡವೆನಿಸಿತೋ, ಅಂತೂ ಅಲ್ಲೇ ಉಳಿದಿದೆ.

ಬೆಂಗಳೂರಿನಿಂದ ಹೊಸ ಹೆದ್ದಾರಿಯಲ್ಲಿ ಬರುವವರು ಗಮನಿಸಬೇಕು. 2023ರಿಂದ ಅದು ಪಟ್ಟಣವನ್ನು ಹೊರಗಿಟ್ಟು ಹೋಗುತ್ತದೆ. ಬದಿಗೆ ಇಳಿಯದಿದ್ದರೆ ಮೈಸೂರೇ ಬರುತ್ತದೆ. ರೈಲಿನಲ್ಲಿ ಬಂದರೆ ನಿಲ್ದಾಣದ ಬಳಿಯೇ ಕೋಟೆ. ಪಟ್ಟಣದಿಂದ ಪಾಂಡವಪುರ, ನಾಗಮಂಗಲಗಳಿಗೆ ಒಂದೇ ಹೆದ್ದಾರಿ. ಕೃಷ್ಣರಾಜಪೇಟೆಗೆ ಪಾಂಡವಪುರದಿಂದ ಚಿನಕುರಳಿಯ ಮೇಲೆ ಹೋಗಬಹುದು. ತೊಣ್ಣೂರು ಕೆರೆ, ಮೇಲುಕೋಟೆ, ಹೊಸಹೊಳಲು ಮೂರನ್ನೂ ಸೇರಿಸಿಕೊಂಡರೆ ಎರಡು ದಿನ ಬೇಕು. ಕುಂತಿಬೆಟ್ಟ ಹತ್ತುವವರು ಬಿಸಿಲೇರುವ ಮುನ್ನ ಹತ್ತಿ ಇಳಿಯುವುದು ಒಳ್ಳೆಯದು. ಮೇಲಿನಿಂದ ಕಬ್ಬಿನ ಗದ್ದೆಗಳು, ನಾಲೆಗಳು, ದೂರದಲ್ಲಿ ಪಟ್ಟಣದ ಕಡೆಯ ತೆಂಗಿನ ಸಾಲು ಕಾಣುತ್ತದೆ.